ಆಮೆ ಮೇಷ್ಟ್ರ ಕತ್ತು

ಕೆರೆಯ ಶಾಲೆಯಲ್ಲಿ ಕಪ್ಪೆಮರಿಗಳಿಗೆ ಈಜು ಕಲಿಸುತ್ತಿದ್ದವರು ಆಮೆ ಮೇಷ್ಟ್ರು. ಹೆಡ್‌ಮಾಸ್ಟರ್ ಹದ್ದು ಪಾಠ ನೋಡಲು ನೆತ್ತಿಯ ಮೇಲೆ ಸುತ್ತಿದಾಗಲೆಲ್ಲ ಅವರ ಕತ್ತು ಚಿಪ್ಪಿನೊಳಗೆ ಸೇರುತ್ತಿತ್ತು. ‘ಪಾಠ ಮಾಡುವುದಿಲ್ಲ’ ಎಂದು ಹದ್ದು ಎರಡು ಸಲ ಬರೆದಿದ್ದರು. ಮೂರನೆಯ ಸಲಕ್ಕೆ ಕೆಲಸವೇ ಹೋಗುತ್ತಿತ್ತು. ಅಷ್ಟರಲ್ಲಿ ಹದ್ದಿಗೆ ವರ್ಗವಾಗಿ, ಎಮ್ಮೆ ಮೇಡಂ ಬಂದರು. ಹೆಜ್ಜೆ ಸದ್ದು ಕೇಳಿದ್ದೇ ತಡ, ಮೇಷ್ಟ್ರ ಕತ್ತು ಒಳಗೆ.

ಮೇಡಂ ದಡದಲ್ಲಿ ನಿಲ್ಲಲಿಲ್ಲ. ನೀರಿಗಿಳಿದು ಮರಿಗಳ ಹಿಂದಿನ ಸಾಲಿನಲ್ಲಿ ಕೂತರು.

“ಮೇಷ್ಟ್ರೇ, ನಾನು ಇಳಿದರೆ ನೀರೆಲ್ಲ ಬಗ್ಗಡವಾಗುತ್ತದೆ. ಹಾಗಾಗದಂತೆ ಮುಳುಗುವುದು ಹೇಗೆ? ನನಗೂ ಹೇಳಿಕೊಡಿ.”

“ಮೊದಲು ಕಾಲು ಬಡಿಯುವುದನ್ನು ನಿಲ್ಲಿಸಿ, ಮೇಡಂ,” ಎಂದಿತು ಚಿಪ್ಪಿನೊಳಗಿನ ದನಿ.

ಮೇಡಂ ನಿಲ್ಲಿಸಿದರು. ಪಾಠ ಸಾಗಿತು. ಗಂಟೆ ಹೊಡೆದಾಗ ಕತ್ತಿಗೆ ಬಿಸಿಲು ಚುರುಗುಟ್ಟಿತು. ಕತ್ತು ಇಷ್ಟು ಹೊತ್ತೂ ಹೊರಗೇ ಇತ್ತೆಂದು ಮೇಷ್ಟ್ರಿಗೆ ಆಗಲೇ ಗೊತ್ತಾದದ್ದು.