ಮೊದಲ ಅರ್ಧ ನಿಮಿಷ

"ಗುರುಗಳೇ, ಪಾತ್ರೆ ಬೆಳಗಿದ ಮೇಲಲ್ಲವೇ ಹಾಲು ಹೊಯ್ಯುವುದು? ನನ್ನ ಮನಸ್ಸು ಇನ್ನೂ ತಿಳಿಯಾಗಿಲ್ಲ. ಅದು ತಿಳಿಯಾಗುವ ತನಕ ಕಾದು, ಆಮೇಲೆ ದೇವರಿಗೆ ಕಿವಿಗೊಟ್ಟರೆ ಆಗದೇ?" ಎಂದು ಶಿಷ್ಯ ಮರುಳಪ್ಪ ಕೇಳಿದ.

ಗುರುಗಳು ನಕ್ಕರು. "ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂದ ಹಾಗಾಯಿತು ನಿನ್ನ ಮಾತು. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನ್ ತಯಾರಿಸುವ ಕಾರ್ಖಾನೆಯಲ್ಲಿ ಅವನ ಕೆಲಸ. ಹೊಸ ಮಾದರಿ ಯಾವುದೇ ಇರಲಿ, ಮೊದಲು ಅವನ ಮೇಜಿಗೆ ಬರಬೇಕು. ಅವನು ಸೈ ಎಂದರೆ ಪೇಟೆಗೆ, ಇಲ್ಲವೆಂದರೆ ಕಸದ ಬುಟ್ಟಿಗೆ. ಫೋನಿಗೆ ಚುಚ್ಚುವ ಪಿನ್ನಿನ ಬುಡದಲ್ಲಿ ವೈರನ್ನು ಎರಡು ಸಾವಿರ ಸಲ ಬಗ್ಗಿಸುತ್ತಿದ್ದ. ಬೆವರು ತಡೆಯುತ್ತದೋ ಇಲ್ಲವೋ ನೋಡಲು ಉಪ್ಪುನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದ. ಸೊಂಟದೆತ್ತರದಿಂದ ಬೀಳಿಸುತ್ತಿದ್ದ. ದನಿಯ ಪರೀಕ್ಷೆಗೆ ಮಾತ್ರ ಅವನದೊಂದು ಕಟ್ಟುನಿಟ್ಟು. ಯಾವಾಗಲೂ ಒಂದೇ ಧ್ವನಿಮುದ್ರಣ, ಅದರಲ್ಲೂ ಮೊದಲ ಅರ್ಧ ನಿಮಿಷ. ಅದರಾಚೆ ಹೋದರೆ ಕಿವಿ ಮಾತಿನ ಹಿಂದೆ ಓಡುತ್ತದೆ, ದನಿ ತಪ್ಪಿಹೋಗುತ್ತದೆ ಎನ್ನುತ್ತಿದ್ದ. ಆ ಕೆಲಸದಲ್ಲಿ ಅದು ಸರಿಯಾದ ಮಾತೇ.

ಇಂಥವನ ಹೆಂಡತಿಯಾಗಿ ಬಾಳುವುದೆಂದರೆ ದಿನಾ ಪರೀಕ್ಷೆಗೆ ಕೂತ ಹಾಗೆ. ಸಾರಿಗೆ ಉಪ್ಪು ಮುಂದು, ಬಾಗಿಲು ಹಾಕಿದ ಸದ್ದು ಜೋರು. ಹತ್ತು ವರ್ಷ ಅವಳು ಸಹಿಸಿದಳು. ಒಂದು ದಿನ, "ನಿಮ್ಮ ಬಾಯಲ್ಲಿ ಸೈ ಅನ್ನೋ ಮಾತು ಬಂದದ್ದು ನಾನು ಕೇಳಲೇ ಇಲ್ಲ" ಎಂದು ಹೇಳಿ ತಂಗಿಯ ಊರಿಗೆ ಹೊರಟುಹೋದಳು. ಅಲ್ಲೊಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದಳು. ಇವನೂ ಬಿಗುಮಾನದವನು, ಫೋನು ಮಾಡಲಿಲ್ಲ.

ಮನೆ ಖಾಲಿಯಾದ ಮೇಲೆ ಅವನಿಗೆ ಅವಳು ಬೇಕೆನಿಸಿತು. ಉಪ್ಪು ಮುಂದಾದ ಸಾರೇ ಬೇಕೆನಿಸಿತು. ಬಾಗಿಲನ್ನು ಜೋರಾಗಿ ಹಾಕುವವರಿಲ್ಲದೆ ಸಂಜೆಗಳು ಸಾಗದಾದವು. ಹಗಲೆಲ್ಲ ನೂರು ದನಿ ಕೇಳುವ ಕಿವಿ ಒಂದೇ ಒಂದು ದನಿಗಾಗಿ ಹಂಬಲಿಸಿತು.

ಒಂದು ವರ್ಷ ಕಳೆದ ಮೇಲೆ ಅವನ ಫೋನಿಗೆ ಅವಳದೊಂದು ಧ್ವನಿಸಂದೇಶ ಬಂತು. ಮೂರು ನಿಮಿಷದ್ದು. ಮೇಜಿನ ಮೇಲಿದ್ದ ಇಯರ್‌ಫೋನನ್ನೇ ಸಿಕ್ಕಿಸಿಕೊಂಡು ಒತ್ತಿದ. "ರೀ... ನಾನು. ಚೆನ್ನಾಗಿದ್ದೀರಾ? ಇಲ್ಲಿ ಎರಡು ದಿನದಿಂದ ಒಂದೇ ಸಮ ಚಳಿ..." ಎಂದು ಅವಳ ಮಾತು ಶುರುವಾಯಿತು. ದನಿ ಕೊಡದೊಳಗಿಂದ ಬಂದ ಹಾಗಿತ್ತು. ಅರ್ಧ ನಿಮಿಷಕ್ಕೆ ಅವನು ನಿಲ್ಲಿಸಿಬಿಟ್ಟ. ವರ್ಷ ಕಾದು ಪಡೆದ ದನಿಯನ್ನು ಇಂಥ ಹಾಳು ವಸ್ತುವಿನಲ್ಲಿ ಕೇಳುವುದೇ? ಅವಳನ್ನು ಅವಳಂತೆಯೇ ಕೇಳಿಸುವ ಒಂದು ಜೋಡಿ ಸಿಗಲಿ, ಆಗ ಪೂರ್ತಿ ಕೇಳುತ್ತೇನೆ ಎಂದುಕೊಂಡ. ಮುಂದೆ ಏನು ಹೇಳಿದ್ದಾಳೋ ಎಂಬ ಅಳುಕೂ ಇತ್ತು, ಸುಳ್ಳೇಕೆ?

ಅಂದಿನಿಂದ ಆ ಅರ್ಧ ನಿಮಿಷವೇ ಅವನ ಪರೀಕ್ಷೆಯ ಮುದ್ರಣವಾಯಿತು. ಒಂದು ಜೋಡಿಯಲ್ಲಿ ಅವಳ 'ಚಳಿ' ಸೂಜಿಯಂತೆ ಚುಚ್ಚಿತು. ಇನ್ನೊಂದರಲ್ಲಿ 'ನಾನು' ಎನ್ನುವ ಮೊದಲಿನ ಉಸಿರೇ ಕಾಣೆ. ಉಸಿರು ಕೇಳಿಸಿದ್ದರ ವೈರು ಐನೂರು ಸಲ ಬಗ್ಗಿಸುವಷ್ಟರಲ್ಲಿ ತುಂಡಾಯಿತು. ವೈರು ಗಟ್ಟಿಯಿದ್ದದ್ದರಲ್ಲಿ ದನಿ ಮಂಕು. ಒಂದು ಸಲ ಕೇಳುವುದಕ್ಕೆ ಬಾಳಿಕೆ ಯಾಕೆ ಬೇಕಿತ್ತು ಎಂದು ನೀನು ಕೇಳಬಹುದು. ಅವನಿಗೆ ಅದನ್ನು ಜೀವಮಾನವೆಲ್ಲ ಕೇಳುವ ಆಸೆ. ದಿನಕ್ಕೆ ಹತ್ತಾರು ಸಲ ಅವಳು "ಚೆನ್ನಾಗಿದ್ದೀರಾ" ಎನ್ನುತ್ತಿದ್ದಳು. ಒಂದು ಸಲವೂ ಅವನು ಉತ್ತರ ಕಳಿಸಲಿಲ್ಲ.

ಹನ್ನೊಂದು ತಿಂಗಳಾದ ಮೇಲೆ ಒಂದು ಜೋಡಿ ಗೆದ್ದಿತು. ವೈರು ಎರಡು ಸಾವಿರ ಸಲ ಬಗ್ಗಿತು, ಉಪ್ಪುನೀರಿಗೆ ಜಗ್ಗಲಿಲ್ಲ, ದನಿ ಅವಳದೇ. ಅವನು ರಜೆ ಹಾಕಿದ. ಸ್ನಾನ ಮಾಡಿ, ಕಿಟಕಿ ಮುಚ್ಚಿ, ಕೂತು ಕೇಳಿದ. ಉಸಿರು ಕೇಳಿಸಿತು. ಉಗುಳು ನುಂಗಿದ್ದೂ ಕೇಳಿಸಿತು. ಚಳಿಯ ಮಾತು, ತಂಗಿಯ ಮಕ್ಕಳ ಮಾತು ಮುಗಿಸಿ ಅವಳು ಹೇಳಿದಳು: "ನನಗೂ ಸಾಕಾಗಿದೆ ರೀ. ಈ ಭಾನುವಾರ ಬೆಳಗಿನ ಬಸ್ಸಿಗೆ ಬರ್ತೀನಿ. ನೀವು ಬಸ್‌ಸ್ಟ್ಯಾಂಡಿಗೆ ಬನ್ನಿ. ಏನೂ ಮಾತಾಡಬೇಡಿ, ಸುಮ್ಮನೆ ನನ್ನ ಬ್ಯಾಗು ತಗೊಳ್ಳಿ, ಅಷ್ಟು ಸಾಕು. ನೀವು ಬರದೇ ಹೋದ್ರೆ ನಾನಾಗಿ ಮನೆ ಬಾಗಿಲಿಗೆ ಬರೋದಿಲ್ಲ."

ಅವನು ಆ ಗಳಿಗೆಯಲ್ಲೇ ಅವಳಿಗೆ ಫೋನು ಮಾಡಿದ. "ನಿನ್ನ ಮಾತು ಇವತ್ತು ಪೂರ್ತಿ ಕೇಳಿದೆ ಕಣೇ" ಎಂದ.

"ಅವತ್ತೇ ಕೇಳಿದ್ರಲ್ಲ" ಎಂದಳು ಅವಳು. "ನೀವು ಕೇಳಿದ ಗುರುತು ನನ್ನ ಫೋನಿನಲ್ಲಿ ನೀಲಿಯಾಗಿ ಬಂದಿತ್ತು. ಅದನ್ನೇ ನಂಬಿ ಹೊರಟೆ. ಮಧ್ಯಾಹ್ನದ ಬಸ್ಸಿನವರೆಗೂ ಬಸ್‌ಸ್ಟ್ಯಾಂಡಿನಲ್ಲೇ ಕೂತಿದ್ದೆ. ಆಮೇಲೆ ಅದೇ ಬಸ್ಸು ಹತ್ತಿ ವಾಪಸು ಬಂದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಳ್ಳಷ್ಟಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಆ ದನಿಯನ್ನು ಅವನಷ್ಟು ಬಲ್ಲವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಸಿಟ್ಟು ಕೂಡ ಉಳಿದಿಲ್ಲವೆಂದು ಅವನಿಗೆ ತಿಳಿದುಹೋಯಿತು. ಅವಳು ಫೋನಿಟ್ಟಳು. ಅವನು ಬಸ್‌ಸ್ಟ್ಯಾಂಡಿಗೆ ಓಡಿದ. ಸಂಜೆಯ ತನಕ ಬಂದ ಬಸ್ಸುಗಳ ಬಾಗಿಲನ್ನೆಲ್ಲ ನೋಡಿದ. ಆ ವಾರದ ಭಾನುವಾರ ಮತ್ತೆ ಹೋದ. ಅದರ ಮುಂದಿನ ಭಾನುವಾರವೂ ಹೋದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಕೊನೆಗೆ ಅವಳು ಬಂದಳೇ?" ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ಬಂದಿದ್ದಳಲ್ಲಪ್ಪ."