ಮದುಮಗನ ವಿಮಾನ

"ಗುರುಗಳೇ, ಈ ಹಂಡೆ ನನಗೆ ದೇವರನ್ನು ಕಾಣಗೊಡುತ್ತಿಲ್ಲ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಗುರುಪಾದ. ಮಠಕ್ಕೆ ಹಸಿದು ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸುವ ಕೆಲಸ ಅವನ ಪಾಲಿನದು. ಕಣ್ಣು ತೆರೆದರೆ ಅನ್ನದ ಹಂಡೆ, ಧ್ಯಾನಕ್ಕೆಂದು ಮುಚ್ಚಿದರೂ ಅದೇ ಹಂಡೆ. ಅದನ್ನು ಬೇರೆಯವರಿಗೆ ಒಪ್ಪಿಸಿ ಗುಡ್ಡದ ಗವಿಯಲ್ಲಿ ಕೂರಬೇಕೆಂದು ಅವನ ಆಸೆ.

ಗುರುಗಳು ಬಾಯೊಳಗಿನ ಅಡಿಕೆಚೂರನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ಕೂತ್ಕೋ ಮಗಾ, ಒಂದು ಕತೆ ಹೇಳ್ತೀನಿ" ಎಂದರು.

ವಿಮಾನಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಆಗಿನ ವಿಮಾನಕ್ಕೆ ಅಟ್ಟದ ಮೇಲೆ ಅಟ್ಟ ಕಟ್ಟಿದ ಹಾಗೆ ಕೆಳಗೊಂದು ಜೊತೆ, ಮೇಲೊಂದು ಜೊತೆ ರೆಕ್ಕೆ. ಒಂದೂರಿಂದ ಎದ್ದು ಪಕ್ಕದೂರಲ್ಲಿ ಇಳಿದರೆ ಅದೇ ದೊಡ್ಡ ಸುದ್ದಿ. ಒಬ್ಬ ಬಡಗಿ ಇದ್ದ. ಹಕ್ಕಿಗೆ ಒಂದೇ ಜೊತೆ ಸಾಕಾದರೆ ಇದಕ್ಕೇಕೆ ಎರಡು ಎಂದುಕೊಂಡ. ಒಂದೇ ಜೊತೆ ರೆಕ್ಕೆಯ, ಮೂತಿಯಲ್ಲಿ ಮರದ ಪಂಖ ತಿರುಗುವ ಹಗುರವಾದ ವಿಮಾನ ಮಾಡಿದ. ಬಹಳ ದೂರ ಹೋಗಲಿ ಎಂದು ದೊಡ್ಡ ಪೆಟ್ರೋಲ್ ಟ್ಯಾಂಕ್ ಇಟ್ಟ. ಅದಕ್ಕೆ ಸಿಕ್ಕ ಜಾಗ ಒಂದೇ, ಓಡಿಸುವವನ ಮೂಗಿನ ಮುಂದೆ.

ಮಾಡಿಸಿದವನು ಒಬ್ಬ ಮದುಮಗ. ಹುಡುಗಿಯ ಊರು ಕಡಲಿನ ಆಚೆ ದಡದಲ್ಲಿ. ಹಡಗು ನಂಬಿ ಅವನು ಆಗಲೇ ಒಂದು ಮುಹೂರ್ತ ಕಳೆದುಕೊಂಡಿದ್ದ. ಇದೂ ತಪ್ಪಿದರೆ ಮಗಳನ್ನು ಬೇರೆ ಕಡೆ ಕೊಡುತ್ತೇನೆ ಎಂದು ಹುಡುಗಿಯ ತಂದೆ ಹೇಳಿ ಕಳಿಸಿದ್ದ.

ಹೊರಡುವ ದಿನ ಬಂತು. ಮದುಮಗ ಹೊರಡುವಾಗ ಮುತ್ತೈದೆಯೊಬ್ಬಳು ತುಂಬಿದ ಕೊಡ ಹಿಡಿದು ಎದುರು ಬರಬೇಕು, ಅವನು ಅದನ್ನು ಕಣ್ಣಾರೆ ನೋಡಬೇಕು. ಅದು ಆ ಮನೆಯ ಪದ್ಧತಿ. ಅತ್ತಿಗೆ ಕೊಡ ಹಿಡಿದು ಬಂದಳು. ಒಳಗೆ ಕೂತ ಮದುಮಗನಿಗೆ ಟ್ಯಾಂಕ್ ಬಿಟ್ಟು ಬೇರೇನೂ ಕಾಣಲಿಲ್ಲ. ಸೋದರತ್ತೆ ಎದೆ ಬಡಿದುಕೊಂಡಳು.

"ಅಯ್ಯೋ, ಕೊಡ ನೋಡದೆ ಹೊರಟ ಮದುಮಗ ಎಲ್ಲಾದ್ರೂ ಇದ್ದಾನಾ? ಆ ಡಬ್ಬ ಕಿತ್ತು ಹಾಕೋ!"

"ಅದೂ ತುಂಬಿದ ಕೊಡವೇ ಅಮ್ಮಾ" ಎಂದ ಬಡಗಿ. "ದಾರಿ ಬೇಕಾದ್ರೆ ಪಕ್ಕದ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡ್ಲಿ."

"ಕತ್ತು ಹೊರಗೆ ಹಾಕಿದ್ರೆ ಪೇಟ ಹಾರಿಹೋಗಲ್ವೇನೋ? ಆ ಬೋಳು ತಲೆ ನೋಡಿದ ಮೇಲೆ ಅವರು ಹೆಣ್ಣು ಕೊಡ್ತಾರಾ?"

ಬೋಳು ತಲೆಯ ಮಾತು ಬಂದ ಮೇಲೆ ಮದುಮಗ ತಡಮಾಡಲಿಲ್ಲ. ಟ್ಯಾಂಕ್ ಇಳಿಯಿತು. ಆ ಜಾಗಕ್ಕೆ ಗಾಜು ಬಂತು. ಸೀಟಿನ ಕೆಳಗೆ ಪೆಟ್ರೋಲಿಗೆಂದು ಒಂದು ಸಣ್ಣ ಡಬ್ಬ ಸೇರಿತು. ಮದುಮಗ ಕೊಡ ನೋಡಿದ, ಕೈಮುಗಿದ, ಹಾರಿದ.

ಆಹಾ, ಅವನು ನೋಡಿದ್ದೇ ನೋಡಿದ್ದು! ಕಡಲು ಕಂಡಿತು. ಹಿಂದೆ ತನ್ನ ಮುಹೂರ್ತ ತಪ್ಪಿಸಿದ್ದ ಹಡಗು ಕಂಡಿತು. ಅದಕ್ಕೆ ಮೇಲಿನಿಂದಲೇ ಅಣಕಿಸಿದ. ಕೊನೆಗೆ ಆಚೆ ದಡ, ದಡದಲ್ಲಿ ಚಪ್ಪರ, ಚಪ್ಪರದ ಬಾಳೆಕಂಬವೂ ಕಂಡಿತು. ಪೇಟ ಸರಿಮಾಡಿಕೊಂಡ. ಆಗ ಪಂಖ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ನಿಂತೇಬಿಟ್ಟಿತು.

ಬೆಸ್ತರು ಅವನನ್ನು ಬಲೆಯಲ್ಲಿ ಎತ್ತಿ, ಬಂಗುಡೆ ಮೀನಿನ ಜೊತೆ ದಡದಲ್ಲಿ ಸುರಿದರು. ಪೇಟ ಕಡಲು ಸೇರಿತ್ತು. ಮುಹೂರ್ತ ಮೀರಿತ್ತು. ಹುಡುಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನೋಡಿದಳು.

"ನಮ್ಮ ಚಪ್ಪರ ನಿಮಗೆ ಕಾಣಿಸಲಿಲ್ವಾ?"

"ಕಾಣಿಸದೆ ಏನು? ಬಾಳೆಕಂಬ ಕೂಡ ಕಾಣಿಸ್ತು!" ಎಂದ ಮದುಮಗ, ಉಪ್ಪುನೀರು ಉಗುಳುತ್ತಾ.

"ಮತ್ತೆ ಬರೋದಕ್ಕೇನಾಗಿತ್ತು?"

ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಆ ವರ ಹಿಂದಿನ ಬೀದಿಯವನು. ನಡೆದೇ ಬಂದ.

ಗುರುಪಾದ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥಾ ಪೆದ್ದ, ಗುರುಗಳೇ! ಕೊಂಡೊಯ್ಯೋದನ್ನೇ ಕಿತ್ತು ಹಾಕಿದನಲ್ಲ!"

ಗುರುಗಳೂ ನಕ್ಕರು. ಅಡುಗೆಮನೆಯ ಕಡೆ ಒಮ್ಮೆ ನೋಡಿ ಹೇಳಿದರು:

"ನಾಳೆಯೇ ಆ ಹಂಡೆ ಬೇರೆಯವರಿಗೆ ಕೊಡಿಸ್ತೀನಿ ಮಗಾ, ಗವಿಯಿಂದ ದೇವರೇನೋ ಚೆನ್ನಾಗಿ ಕಾಣ್ತಾನೆ, ಆದರೆ ಅವನಿದ್ದಲ್ಲಿಗೆ ಹೋಗಿ ಮುಟ್ಟೋದು ಯಾವುದರ ಬಲದ ಮೇಲೆ?"