ಮೊಲಮೀನಿನ ಮುಳ್ಳು

ಪ್ರಶ್ನೆ ಕೇಳುವ ಮೊದಲು ಅಂಬುಜಾಕ್ಷಮ್ಮ ತಮ್ಮ ಮನೆತನದ ವಿಷಯ ಹೇಳಿದರು. ಆಶ್ರಮದ ಅಡುಗೆಮನೆ ನಿಂತಿರುವ ಜಾಗ ಅವರ ಅಜ್ಜ ಬರೆದುಕೊಟ್ಟದ್ದು. ಬಾವಿ ತೋಡಿಸಿದವರು ತಂದೆ. ಉಗ್ರಾಣದ ಬೀಗದಕೈ ಮೊದಲು ತಾಯಿಯ ಸೊಂಟದಲ್ಲಿತ್ತು, ಈಗ ಅವರ ಸೊಂಟದಲ್ಲಿದೆ. ಇಷ್ಟು ಕಾಲದಲ್ಲಿ ಆ ಮನೆಯವರತ್ತ ಯಾರೂ ಬೆರಳು ತೋರಿಸಿದ್ದಿಲ್ಲ.

"ಗುರುಗಳೇ, ನಾಲ್ವರೊಡನೆ ಹೊಂದಿಕೊಂಡು ಬಾಳಲು ಬಾರದವರನ್ನು ಆಶ್ರಮದಲ್ಲಿ ಇಟ್ಟುಕೊಳ್ಳಬೇಕೇ?" ಎಂದು ಕೇಳಿದರು.

ಕೇಳಿದ್ದು ತಾರಾಬಾಯಿಯ ವಿಷಯ. ಗಂಡ ತೀರಿಕೊಂಡ ಮೇಲೆ ಆಕೆ ಆಶ್ರಮಕ್ಕೆ ಬಂದು ಸೇರಿದ್ದಳು. ಹಿಂದಿರುಗಲು ಬೇರೆ ಮನೆ ಇರಲಿಲ್ಲ. ಆಕೆ ತರಕಾರಿ ಹೆಚ್ಚಲು ಕುಳಿತರೆ ಅಂಬುಜಾಕ್ಷಮ್ಮ ಅಕ್ಕಿ ಆರಿಸಲು ಹೇಳುತ್ತಿದ್ದರು. ಅಕ್ಕಿಯ ಮುಂದೆ ಕುಳಿತರೆ ಒಲೆಯ ಬಳಿಗೆ ಕಳುಹಿಸುತ್ತಿದ್ದರು. ಒಲೆಯ ಬಳಿ ನಿಂತರೆ ಅವರಿಗೆ ಹಿತ್ತಲಿನ ಪಾತ್ರೆಗಳ ನೆನಪಾಗುತ್ತಿತ್ತು. ಹೊಸಬರು ಎಲ್ಲ ಕೆಲಸವನ್ನೂ ಕಲಿಯಬೇಕು ಎಂಬುದು ಅವರ ಕ್ರಮ. ಆ ಬೆಳಿಗ್ಗೆ ತಾರಾಬಾಯಿ ಎಲ್ಲರೆದುರು ಸೌಟು ಎತ್ತಿ ಹಿಡಿದು, "ಇಲ್ಲಿ ನಾನು ನಿಲ್ಲಬೇಕಾದ ಜಾಗ ಯಾವುದು ಅಂತ ಒಂದು ಸಲ ಹೇಳಿಬಿಡಿ ಅಮ್ಮ. ಇಲ್ಲವಾದರೆ ಇಲ್ಲ ಅನ್ನಿ" ಎಂದಿದ್ದಳು. ಈಗ ಅತಿಥಿಗಳ ಕೋಣೆಯಲ್ಲಿ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಗುರುಗಳು ಹೋಗು ಎಂದರೆ ಹೊರಡುವವಳು.

ಗುರುಗಳು ಕತೆ ಹೇಳಿದರು.

ಒಬ್ಬ ಜವಳಿ ವರ್ತಕನಿದ್ದ. ಅವನ ಮನೆಯ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಒಂದು ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಸಮುದ್ರದ ಕಲ್ಲುಗಳು, ಒಂದು ಹಳದಿ ಮೊಲಮೀನು. ಮೊಲದಂಥ ಮೂತಿ, ಮೊಲದಂತೆ ಸೊಪ್ಪುಸದೆ ಮೇಯುವ ಚಾಳಿ. ಅದಕ್ಕೇ ಆ ಹೆಸರು. ಬೆನ್ನಿನ ಮುಳ್ಳುಗಳಲ್ಲಿ ಮಾತ್ರ ನಂಜು. ವರ್ತಕ ಸಂಜೆ ಅಂಗಡಿಯಿಂದ ಬಂದು ಬೇಯಿಸಿದ ಪಾಲಕ್ ಎಲೆ ಹಿಡಿದರೆ ಮೀನು ಗಾಜಿನ ಬಳಿಗೆ ಬಂದು ನಿಲ್ಲುತ್ತಿತ್ತು.

ಅಂಬುಜಾಕ್ಷಮ್ಮನವರಿಗೆ ಇದು ಹಿಡಿಸಲಿಲ್ಲ. ಅಡುಗೆಮನೆಯ ಪ್ರಶ್ನೆಗೆ ಮೀನಿನ ಉತ್ತರವೇ ಎನಿಸಿತು. ಆದರೂ ಸೆರಗು ಸರಿಪಡಿಸಿಕೊಂಡು ಕೇಳಿದರು.

ವರ್ತಕನಿಗೆ ಒಂದು ಮೀನು ಸಾಲದೆನಿಸಿತು. ಮೊಲಮೀನಿನಲ್ಲೇ ಬೇರೆ ಎರಡು ಜಾತಿಯವನ್ನು ತಂದು ಬಿಟ್ಟ. ಒಂದರ ಮೈಮೇಲೆ ನೀಲಿ ಚುಕ್ಕೆ, ಇನ್ನೊಂದರ ಮುಖದ ಮೇಲೆ ಎರಡು ಕಪ್ಪು ಪಟ್ಟೆ. ಬಣ್ಣ ಬೇರೆಯಾದರೆ ಕಾದಾಡುವುದಿಲ್ಲ ಎಂದು ಯಾರೋ ಹೇಳಿದ್ದರು. ಮಾರನೆಯ ದಿನ ನೋಡಿದರೆ ಎರಡೂ ಬಣ್ಣಗೆಟ್ಟು, ಮೈಯೆಲ್ಲ ಕಂದು ಕಲೆಯಾಗಿ, ಮೂಲೆಯಲ್ಲಿ ಮುಳ್ಳು ನಿಗುರಿಸಿ ನಿಂತಿದ್ದವು.

"ಎರಡೂ ಒಳ್ಳೆಯ ತಳಿಯವಲ್ಲ," ಎಂದ ವರ್ತಕ. "ಮಾರುವವನ ಹತ್ತಿರ ಹೇಗೆ ಹೊಳೆಯುತ್ತಿದ್ದವು, ಇಲ್ಲಿ ಮಸಿಬಟ್ಟೆಯಂತಾಗಿವೆ. ಮೇಲೆ ಮುಳ್ಳು ಬೇರೆ. ನಮ್ಮ ಹಳದಿ ಒಂದು ದಿನವಾದರೂ ಮುಳ್ಳೆತ್ತಿದ್ದುಂಟೇ?"

"ಅಂಗಡಿಗೆ ಹೊಸ ಗುಮಾಸ್ತ ಬಂದಾಗಲೆಲ್ಲ ನೀವು ಹೇಳುವುದು ಇದೇ ಮಾತು," ಎಂದಳು ಹೆಂಡತಿ.

ವರ್ತಕ ಮನೆಯಲ್ಲಿ ಇಲ್ಲದಾಗ ಹಳದಿ ಮೀನು ಪ್ರತಿಯೊಂದು ಕಲ್ಲಿನ ಸಂದಿಯಿಂದಲೂ ಆ ಎರಡನ್ನು ಅಟ್ಟುತ್ತಿತ್ತು. ಅವು ಒಂದು ಸಂದಿ ಹೊಕ್ಕರೆ ಅದಕ್ಕೆ ಅದೇ ಸಂದಿ ಬೇಕು. ಅವನು ಬಂದ ಕೂಡಲೇ ಸಾಧುವಾಗಿ ಪಾಲಕ್ ತಿನ್ನುತ್ತಿತ್ತು. ಅವನಿಗೆ ಕಂಡದ್ದು ಎತ್ತಿದ ಮುಳ್ಳು ಮಾತ್ರ. ಒಮ್ಮೆ ಕಲ್ಲು ಸರಿಪಡಿಸಲು ಕೈ ಹಾಕಿದಾಗ ಪಟ್ಟೆಯ ಮೀನಿನ ಮುಳ್ಳು ಚುಚ್ಚಿ ಅಂಗೈ ಊದಿಕೊಂಡಿತು. ಅಂದೇ ಅವನು ಎರಡನ್ನೂ ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದ. ಬೆಳಗಾದರೆ ಮಾರಿದವನಿಗೇ ಒಪ್ಪಿಸುವುದೆಂದು ತೀರ್ಮಾನಿಸಿದ.

ಬೆಳಗಾಗುವಷ್ಟರಲ್ಲಿ ತೊಟ್ಟಿಯ ಗಾಜಿನ ಬೆಸುಗೆ ಬಿಟ್ಟು ಪಡಸಾಲೆಯೆಲ್ಲ ಉಪ್ಪುನೀರು. ಹಳದಿ ಮೀನನ್ನೂ ದೊಡ್ಡ ಟಬ್ಬಿಗೆ ಹಾಕಬೇಕಾಯಿತು. ಕಲ್ಲುಗಳನ್ನೆಲ್ಲ ಹೊರತೆಗೆದರು. ಬೆಸುಗೆ ಹಾಕಿಸಿ ಒಣಗಿದ ಮೇಲೆ ಕೈಗೆ ಸಿಕ್ಕಂತೆ ಕಲ್ಲು ಜೋಡಿಸಿದರು. ಮೊದಲು ಯಾವುದು ಎಲ್ಲಿತ್ತೆಂದು ಯಾರಿಗೂ ನೆನಪಿರಲಿಲ್ಲ. ಬಕೆಟ್ಟಿನಲ್ಲಿ ನೀರು ಕಡಿಮೆ ಇತ್ತು. ಒಪ್ಪಿಸಿ ಬರುವವರೆಗೆ ಸಾಯದಿರಲಿ ಎಂದು ವರ್ತಕ ಆ ಎರಡನ್ನೇ ಮೊದಲು ತೊಟ್ಟಿಗೆ ಬಿಟ್ಟ. ಹಬ್ಬದ ವ್ಯಾಪಾರ ಜೋರಾಗಿತ್ತು; ಒಪ್ಪಿಸಲು ಬಿಡುವಾಗಲಿಲ್ಲ. ಅವು ಒಂದೊಂದು ಸಂದಿ ಹಿಡಿದವು. ಹೋದ ಬಣ್ಣ ಮರಳಿ ಬಂತು.

ಆಮೇಲೆ ಹಳದಿ ಮೀನನ್ನು ಬಿಟ್ಟ. ಅದು ಒಂದು ಸುತ್ತು ಹಾಕಿತು. ಅದರ ಕಲ್ಲು ಅಲ್ಲಿರಲಿಲ್ಲ. ನೋಡನೋಡುತ್ತಿದ್ದಂತೆ ಅದರ ಹಳದಿ ಇಳಿದು ಮೈಯೆಲ್ಲ ಕಂದು ಕಲೆಯಾಯಿತು. ಮೂಲೆಗೆ ಹೋಗಿ ತಲೆ ತಗ್ಗಿಸಿ, ಬೆನ್ನಿನ ಮುಳ್ಳುಗಳನ್ನೆಲ್ಲ ನಿಗುರಿಸಿ ನಿಂತಿತು.

"ಇದಕ್ಕೇನೋ ರೋಗ ತಗುಲಿದೆ," ಎಂದು ವರ್ತಕ ಗಾಬರಿಯಾದ.

"ರೋಗವೂ ಇಲ್ಲ, ಏನೂ ಇಲ್ಲ. ಇವತ್ತು ಅದೇ ಹೊಸ ಗುಮಾಸ್ತ," ಎಂದಳು ಹೆಂಡತಿ.

ಕೆಲವು ದಿನ ಹಾಗೆಯೇ ಇತ್ತು. ಬಳಿಕ ಹಳದಿ ಮೀನಿಗೂ ಒಂದು ಸಂದಿ ಸಿಕ್ಕಿತು, ಮುಳ್ಳು ಮಡಚಿಕೊಂಡಿತು. ವರ್ತಕ ಪಾಲಕ್ ಹಿಡಿದರೆ ಮೂರೂ ಒಂದೇ ಎಲೆಯನ್ನು ಮೇಯತೊಡಗಿದವು.

ಗುರುಗಳು ಕತೆ ನಿಲ್ಲಿಸಿದರು. ಅಂಬುಜಾಕ್ಷಮ್ಮನವರ ಕುತ್ತಿಗೆ ಸೆಟೆದಿತ್ತು. ಕತೆಯಲ್ಲಿ ತಮ್ಮ ಪರವಾದ ಒಂದು ಮಾತನ್ನಾದರೂ ಅವರು ಹುಡುಕಿದರು.

"ಆ ಮುಳ್ಳು ಚುಚ್ಚಿದ್ದಂತೂ ನಿಜ ತಾನೇ, ಗುರುಗಳೇ?"

"ನಿಜ."

"ವರ್ತಕ ತಿಳಿಯದೆ ಮಾಡಿದ. ತಿಳಿದ ಮೇಲೆ ಏನು ಮಾಡಿದ?" ಎಂದರು ಅಂಬುಜಾಕ್ಷಮ್ಮ.

"ಮೀನಿನೆದುರು ನಿಂತು ತಪ್ಪಾಯಿತು ಎನ್ನಲು ಅವನಿಗೆ ದಾರಿಯಿರಲಿಲ್ಲ; ನಿಮಗಿದೆ ತಾಯಿ, ಹೋಗಿ ತಾರಾಬಾಯಿಯ ಕ್ಷಮೆ ಕೇಳಿ."